ಅಲಂಕಾರ ತೆಗೆದು ಆ ಸಾಲನ್ನು ಇನ್ನೊಮ್ಮೆ ಓದಿ

ಕವಿತೆಯ ಅಲಂಕಾರ ಅಂದ ಕೂಡಲೇ ನಮ್ಮಲ್ಲಿ ಜಾಸ್ತಿ ಜನರಿಗೆ ನೆನಪಾಗುವುದು ಪರೀಕ್ಷೆಯ ಪ್ರಶ್ನೆ. ಒಂದು ವಾಕ್ಯ ಕೊಟ್ಟಿರುತ್ತಾರೆ. ಅಲಂಕಾರ ಹೆಸರಿಸಬೇಕು, ಲಕ್ಷಣ ಬರೆಯಬೇಕು, ಸಮನ್ವಯ ಮಾಡಬೇಕು. ಉಪಮೇಯ ಇದು, ಉಪಮಾನ ಅದು, ವಾಚಕಪದ 'ಅಂತೆ', ಸಮಾನಧರ್ಮ ಇಂಥದ್ದು. ನಾಲ್ಕೂ ಇರುವುದರಿಂದ ಇದು ಪೂರ್ಣೋಪಮೆ. ಅಲ್ಲಿಗೆ ಅಂಕ ಸಿಕ್ಕಿತು, ಮುಂದಿನ ಪ್ರಶ್ನೆ.

ಈ ಅಭ್ಯಾಸವನ್ನು ನಾನು ಕೀಳಾಗಿ ಕಾಣುವುದಿಲ್ಲ. ಹೆಸರು ಗೊತ್ತಿದ್ದರೆ ವಸ್ತು ಕಣ್ಣಿಗೆ ಬೇಗ ಬೀಳುತ್ತದೆ. ಗಿಡಗಳ ಹೆಸರು ಬಲ್ಲವರು ಅದೇ ದಾರಿಯಲ್ಲಿ ನಮಗಿಂತ ಹೆಚ್ಚು ನೋಡುತ್ತಾರೆ, ಅಲ್ವಾ? ಆದರೆ ಶುರುವಾಗಬೇಕಾದ ಜಾಗದಲ್ಲೇ ಆ ಪ್ರಶ್ನೆ ಮುಗಿದುಹೋಗುತ್ತದೆ. ಈ ಸಾಲಿಗೆ ಈ ಉಪಮೆ ಯಾಕೆ ಬೇಕಾಯಿತು? ಅದು ಇಲ್ಲದಿದ್ದರೆ ಏನು ಹೋಗುತ್ತಿತ್ತು? ಇದನ್ನು ಯಾರೂ ಕೇಳುವುದಿಲ್ಲ. ನನಗೆ ಕವಿತೆ ಹತ್ತಿರವಾದದ್ದು ಈ ಪ್ರಶ್ನೆ ಕೇಳಿಕೊಳ್ಳಲು ತೊಡಗಿದ ಮೇಲೆ.

ನಾನು ಮಾಡುವುದು ಇಷ್ಟೇ. ಒಂದು ಸಾಲು ಹಿಡಿಸಿದರೆ, ಅದರಲ್ಲಿರುವ ಉಪಮೆಯನ್ನೋ ರೂಪಕವನ್ನೋ ಪ್ರಾಸವನ್ನೋ ತೆಗೆದುಹಾಕುತ್ತೇನೆ. ಅದೇ ಮಾತನ್ನು ಸಾದಾ ಕನ್ನಡದಲ್ಲಿ ಹೇಳಿ ನೋಡುತ್ತೇನೆ. ಏನೂ ಬದಲಾಗದಿದ್ದರೆ ಆ ಅಲಂಕಾರ ಅಲ್ಲಿ ಸುಮ್ನೆ ಕೂತಿತ್ತು ಎಂದರ್ಥ. ಸಾಲು ಕುಸಿದರೆ, ಕುಸಿದದ್ದು ಏನು ಅಂತ ಹುಡುಕುತ್ತೇನೆ.

ಎಲ್ಲರಿಗೂ ಗೊತ್ತಿರುವ ಬಸವಣ್ಣನವರ ಒಂದು ವಚನ ತೆಗೆದುಕೊಳ್ಳಿ. ಉಳ್ಳವರು ಶಿವನಿಗೆ ಗುಡಿ ಕಟ್ಟಿಸುತ್ತಾರೆ, ನಾನು ಬಡವ, ಏನು ಮಾಡಲಿ ಎಂದು ಅದು ಶುರುವಾಗುತ್ತದೆ. ಆಮೇಲಿನ ಮಾತು ಇದು:

ಎನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರವೇ ಹೊನ್ನ ಕಳಸವಯ್ಯಾ

ಇದು ರೂಪಕ. ಇದನ್ನು ಉಪಮೆ ಮಾಡಿ ನೋಡಿ: 'ನನ್ನ ಕಾಲು ಕಂಬದಂತೆ, ದೇಹ ದೇಗುಲದಂತೆ, ತಲೆ ಹೊನ್ನಿನ ಕಳಸದಂತೆ.' ಚಿತ್ರ ಹಾಗೇ ಇದೆ. ಹೋಲಿಕೆಯೂ ಇದೆ. ಆದರೆ ವಾದ ಬಿದ್ದುಹೋಯಿತು. ದೇಹ ದೇಗುಲದ 'ಹಾಗೆ' ಇದ್ದರೆ, ನಿಜವಾದ ದೇಗುಲ ಉಳ್ಳವರು ಕಟ್ಟಿಸಿದ್ದೇ ಆಗುತ್ತದೆ. ಬಡವನದು ಅದರ ನೆರಳಷ್ಟೇ ಆಗುತ್ತದೆ. ಅವನು ಸಮಾಧಾನ ಮಾಡಿಕೊಳ್ಳುತ್ತಿದ್ದಾನೆ ಅನಿಸುತ್ತದೆ. 'ದೇಹವೇ ದೇಗುಲ' ಅಂದಾಗ ಆ ನೆರಳು ಹೋಗಿಬಿಡುತ್ತದೆ. ಇನ್ನು ಇಲ್ಲಿ ಇರುವುದು ಒಂದೇ ದೇಗುಲ, ಅದು ಈ ಮೈ. ಆ ಚಿಕ್ಕ 'ಏ'ಕಾರದ ಮೇಲೆ ಇಡೀ ವಚನ ನಿಂತಿದೆ.

ಮುಂದೆ ಹೋಗಿ. ವಚನ ಮುಗಿಯುವುದು ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕೆ ಅಳಿವಿಲ್ಲ ಎಂಬ ಮಾತಿನಿಂದ. ಸ್ಥಾವರ ಅಂದರೆ ನಿಂತದ್ದು, ಜಂಗಮ ಅಂದರೆ ಚಲಿಸುವುದು. ಈ ಕೊನೆಯ ಮಾತಿಗೆ ಬಲ ಎಲ್ಲಿಂದ ಬಂತು? ಕಾಲೇ ಕಂಬ ಅಂದಾಗಲೇ ಬಂದಿತ್ತು. ಕಾಲು ಕಂಬವಾದರೆ ಅದು ನಡೆದಾಡುವ ಕಂಬ! ನಡೆಯುವ ಗುಡಿಯನ್ನು ನಮ್ಮ ಮುಂದೆ ಇಟ್ಟು, ಆಮೇಲೆ ನಿಂತ ಗುಡಿ ಉಳಿಯುವುದಿಲ್ಲ ಅನ್ನುತ್ತದೆ ವಚನ. ರೂಪಕ ಇಲ್ಲಿ ವಾದದ ಮೊದಲ ಅರ್ಧ. ಇನ್ನೊಂದು ವಿಷಯ ಕಿವಿಗೆ ಬೀಳುತ್ತದೆ: ಕಾಲು–ಕಂಬ, ದೇಹ–ದೇಗುಲ. ಮೊದಲ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿವೆ. ಎರಡೂ ಒಂದೇ ಎಂದು ಅರ್ಥ ಹೇಳುವ ಹೊತ್ತಿಗೆ ಸದ್ದು ಕೂಡ ಅದನ್ನೇ ಹೇಳುತ್ತಿದೆ.

ಹಾಗಾದರೆ ರೂಪಕವೇ ದೊಡ್ಡದು, ಉಪಮೆ ಚಿಕ್ಕದು ಅಂತ ಅಲ್ಲ. ಹಾಗೆ ಹೇಳುವವರನ್ನು ನಾನು ಒಪ್ಪುವುದಿಲ್ಲ. ಉಪಮೆ ಎರಡು ವಸ್ತುಗಳನ್ನು ಹತ್ತಿರ ತಂದರೂ ನಡುವೆ ಒಂದು ಸಣ್ಣ ಅಂತರ ಉಳಿಸುತ್ತದೆ. ಕೆಲವೊಮ್ಮೆ ಬೇಕಾಗಿರುವುದು ಆ ಅಂತರವೇ. 'ಅವನು ನನ್ನನ್ನು ಅಪ್ಪನಂತೆ ನೋಡಿಕೊಂಡ' ಎನ್ನುವ ಮಾತನ್ನೇ ನೋಡಿ. ಅದರಲ್ಲಿ ಋಣವೂ ಇದೆ, ಕೊರತೆಯೂ ಇದೆ. ಅವನು ಅಪ್ಪ ಅಲ್ಲ, ಅಪ್ಪ ಇರಲಿಲ್ಲ, ಆ ಜಾಗಕ್ಕೆ ಇವನು ಬಂದ. 'ಅವನೇ ನನಗೆ ಅಪ್ಪ' ಅಂದರೆ ಋಣ ಮಾತ್ರ ಉಳಿಯುತ್ತದೆ, ಕೊರತೆ ಮುಚ್ಚಿಹೋಗುತ್ತದೆ. ಯಾವುದನ್ನು ಹೇಳಬೇಕು ಅನ್ನುವುದು ಕವಿಗೆ ಬಿಟ್ಟದ್ದು. ನಮ್ಮ ಪರಂಪರೆಯೂ ಎರಡಕ್ಕೂ ಪಟ್ಟ ಕಟ್ಟಿದೆ. ಗದುಗಿನ ಭಾರತ ಬರೆದ ಕುಮಾರವ್ಯಾಸ ರೂಪಕ ಸಾಮ್ರಾಜ್ಯ ಚಕ್ರವರ್ತಿ, ಜೈಮಿನಿ ಭಾರತ ಬರೆದ ಲಕ್ಷ್ಮೀಶ ಉಪಮಾಲೋಲ. ಕವಿಯನ್ನು ಅವನ ಅಲಂಕಾರದ ಹೆಸರಿನಲ್ಲೇ ಕರೆದ ಓದುಗರು ನಮ್ಮ ಹಿರಿಯರು. ಅವರ ಕಿವಿ ಎಷ್ಟು ಸೂಕ್ಷ್ಮವಾಗಿದ್ದಿರಬೇಕು!

ತೆಗೆದರೂ ಏನೂ ಬದಲಾಗದ ಅಲಂಕಾರಗಳೂ ಬೇಕಾದಷ್ಟಿವೆ. ಚಂದ್ರನಂಥ ಮುಖ, ಕಮಲದಂಥ ಕಣ್ಣು, ಮುತ್ತಿನಂಥ ಹಲ್ಲು. ಮೊದಲು ಹೇಳಿದವನು ಚಂದ್ರನನ್ನು ನಿಜಕ್ಕೂ ನೋಡಿದ್ದ. ಈಗ ಹೇಳುವವರು ಹಿಂದಿನವರ ಸಾಲನ್ನು ನೋಡಿರುತ್ತಾರೆ ಅಷ್ಟೆ. ಹಾಗೆ ಸವೆದ ರೂಪಕಗಳು ಮಾತಿನೊಳಗೇ ಕರಗಿಹೋಗುತ್ತವೆ. ತಲೆ ತಿನ್ನಬೇಡ ಅನ್ನುತ್ತೇವೆ, ಹೊಟ್ಟೆ ಉರಿ ಅನ್ನುತ್ತೇವೆ, ಕೊನೇ ಗಳಿಗೆಯಲ್ಲಿ ಕೈ ಕೊಟ್ಟ ಅನ್ನುತ್ತೇವೆ. ಒಂದು ಕಾಲಕ್ಕೆ ಇವೆಲ್ಲ ಯಾರಿಗೋ ಹೊಳೆದ ಚಿತ್ರಗಳು. ಒಳ್ಳೆಯ ಕವಿಗೆ ಇವೂ ಉಪಯೋಗಕ್ಕೆ ಬರುತ್ತವೆ. 'ಹೊಟ್ಟೆಯ ಉರಿಗೆ ಇನ್ನೊಂದು ಕಟ್ಟಿಗೆ ಇಟ್ಟ' ಎಂದು ಒಂದು ಪದ ಸೇರಿಸಿದರೆ ಸಾಕು, ಸತ್ತ ಬೆಂಕಿ ಮತ್ತೆ ಹೊತ್ತಿಕೊಳ್ಳುತ್ತದೆ.

ಇಷ್ಟು ಹೊತ್ತು ಹೇಳಿದ್ದು ಅರ್ಥಾಲಂಕಾರದ ವಿಷಯ. ಸದ್ದಿನ ಕಡೆಯದು ಶಬ್ದಾಲಂಕಾರ. ಈ ವಿಂಗಡಣೆ ನಮ್ಮಲ್ಲಿ ತುಂಬಾ ಹಳೆಯದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥ ಕವಿರಾಜಮಾರ್ಗ, ಸುಮಾರು ಕ್ರಿ.ಶ. 850ರದ್ದು. ಅದರಲ್ಲಿ ಮೂರು ಭಾಗ. ಮೊದಲನೆಯದರಲ್ಲಿ ಕಾವ್ಯದ ಗುಣದೋಷ, ಎರಡನೆಯದರಲ್ಲಿ ಶಬ್ದಾಲಂಕಾರ, ಮೂರನೆಯದರಲ್ಲಿ ಅರ್ಥಾಲಂಕಾರ. ಸಂಸ್ಕೃತದಲ್ಲಿ ಅಲಂಕಾರಗಳ ಬಗ್ಗೆ ಬರೆದ ದಂಡಿಯ ದಾರಿ ಹಿಡಿದು, ಕನ್ನಡಕ್ಕೆ ಹೊಂದಿಸಿಕೊಂಡು ಬರೆದದ್ದು. ನಮ್ಮ ಕೈಗೆ ಬಂದಿರುವ ಮೊದಲ ಪುಸ್ತಕವೇ ಕವಿತೆ ಹೇಗಿರಬೇಕು ಎಂದು ಯೋಚಿಸುವ ಪುಸ್ತಕ. ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಶಬ್ದಾಲಂಕಾರಗಳಲ್ಲಿ ಕನ್ನಡದ ಸ್ವಂತ ಆಸ್ತಿ ಅಂತ ಹೇಳಬೇಕಾದರೆ ನಾನು ಆದಿಪ್ರಾಸವನ್ನು ಹೇಳುತ್ತೇನೆ. ಈಗಿನವರಿಗೆ ಪ್ರಾಸ ಅಂದರೆ ಸಾಲಿನ ಕೊನೆಯಲ್ಲಿ ಬರುವ ಅಂತ್ಯಪ್ರಾಸ. ಹಳೆಯ ಕನ್ನಡ ಕವಿಗೆ ಪ್ರಾಸ ಇರುತ್ತಿದ್ದದ್ದು ಸಾಲಿನ ಶುರುವಿನಲ್ಲಿ: ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಬಾದಾಮಿಯಲ್ಲಿ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ ಈ ತ್ರಿಪದಿ ಇದೆ:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಸಾಧು, ಬಾಧಿ, ಮಾಧ. ಮೂರು ಸಾಲಿಗೂ 'ಧ'ಕಾರದ ಕೊಂಡಿ. ಒಳ್ಳೆಯವನಿಗೆ ಒಳ್ಳೆಯವನು, ಸವಿಯಾದವನಿಗೆ ಸವಿ, ಕಾಡುವವನಿಗೆ ಮಾತ್ರ ವಿಪರೀತ. ಇದನ್ನು 'ಒಳ್ಳೆಯವರ ಜೊತೆ ಚೆನ್ನಾಗಿರುತ್ತಿದ್ದ, ಕೆಟ್ಟವರಿಗೆ ಕಠಿಣನಾಗಿದ್ದ' ಅಂತ ಬಿಡಿಸಿ ಹೇಳಬಹುದು. ಆಗ ನಮಗೆ ಒಬ್ಬ ಮನುಷ್ಯನ ಬಗ್ಗೆ ಮಾಹಿತಿ ಸಿಗುತ್ತದೆ. ಮೂಲದಲ್ಲಿ ಆ ಮನುಷ್ಯನೇ ಸಿಗುತ್ತಾನೆ. ಸಾಧು ಅಂದರೆ ಸಾಧು, ಮಾಧುರ್ಯ ಅಂದರೆ ಮಾಧುರ್ಯ. ಎದುರಿನವರು ಕೊಟ್ಟದ್ದನ್ನೇ ತಿರುಗಿ ಕೊಡುವ ಅವನ ಸ್ವಭಾವವನ್ನು ಸಾಲು ಪದ ಮರಳಿಸಿಯೇ ತೋರಿಸುತ್ತದೆ. ಕಲಿಯ ವಿಷಯ ಬಂದಾಗ ಮಾತ್ರ ಲೆಕ್ಕ ಬದಲಾಗುತ್ತದೆ. 'ಕಲಿಗೆ ಕಲಿ' ಎಂದು ನಿಲ್ಲದೆ 'ಕಲಿಯುಗ ವಿಪರೀತನ್' ಎಂದು ಉಕ್ಕುತ್ತದೆ.

ಆದಿಪ್ರಾಸದಲ್ಲಿ ಆರು ಬಗೆ. ಪ್ರಾಸಾಕ್ಷರದ ಹಿಂದೆ ಏನಿದೆ ಅನ್ನುವುದರ ಮೇಲೆ ಒಂದೊಂದಕ್ಕೂ ಒಂದು ಪ್ರಾಣಿಯ ಹೆಸರು. 10ನೇ ಶತಮಾನದ ಕೊನೆಯಲ್ಲಿ ನಾಗವರ್ಮ ಛಂದೋಂಬುಧಿಯಲ್ಲಿ ಅದನ್ನು ಒಂದು ಕಂದಪದ್ಯದಲ್ಲಿ ಹೇಳಿಬಿಟ್ಟಿದ್ದಾನೆ:

ನಿಜದಿಂ ಬಂದೊಡೆ ಸಿಂಹಂ
ಗಜ ದೀರ್ಘಂ ಬಿಂದು ವೃಷಭ ವ್ಯಂಜನ ಶರಭಂ
ಅಜನು ವಿಸರ್ಗಂ ಹಯನಂ
ಬುಜಮುಖಿ ದಡ್ಡಕ್ಕರಂಗಳಿವು ಷಟ್ಪ್ರಾಸಂ

ಹ್ರಸ್ವ ಬಂದರೆ ಸಿಂಹ, ದೀರ್ಘ ಬಂದರೆ ಗಜ, ಸೊನ್ನೆ ಬಂದರೆ ವೃಷಭ, ಬೇರೆ ವ್ಯಂಜನದ ಒತ್ತಾದರೆ ಶರಭ, ವಿಸರ್ಗವಾದರೆ ಅಜ, ಅದೇ ಅಕ್ಷರದ ಒತ್ತಾದರೆ ಹಯ. ಕಪ್ಪೆ ಅರಭಟ್ಟನ ತ್ರಿಪದಿ ಹಾಗಾದರೆ ಗಜಪ್ರಾಸ. ಆದರೆ ನಾನು ಈ ಪದ್ಯವನ್ನು ಪ್ರೀತಿಸುವುದು ಬೇರೆ ಕಾರಣಕ್ಕೆ. ನಿಜ, ಗಜ, ಅಜ, ಬುಜ. ಪ್ರಾಸದ ನಿಯಮ ಹೇಳುವ ಪದ್ಯ ತಾನೇ ಸಿಂಹಪ್ರಾಸದಲ್ಲಿದೆ! ನಾಲ್ಕನೇ ಸಾಲಿಗೆ 'ಜ' ಬೇಕಾಯಿತು. ಆಗ ಕವಿ ಕೇಳುತ್ತಿರುವವಳನ್ನು ಅಂಬುಜಮುಖಿ ಎಂದು ಕರೆಯುತ್ತಾನೆ. ಕರೆದು, ಆ ಪದವನ್ನೇ ನಡುವೆ ಮುರಿದು 'ಅಂ' ಮೇಲಿನ ಸಾಲಿಗೆ, 'ಬುಜಮುಖಿ' ಕೆಳಗಿನ ಸಾಲಿಗೆ ಹಾಕುತ್ತಾನೆ. ಛಂದಸ್ಸಿನ ಪಾಠದ ನಡುವೆ ಒಂದು ಹೆಣ್ಣಿನ ಮುಖ ಮಿಂಚಿ ಹೋಗುತ್ತದೆ. ಪ್ರಾಸ ಕವಿಯನ್ನು ಕಟ್ಟಿಹಾಕುತ್ತದೆ ಅನ್ನುವುದು ನಿಜ. ಆ ಕಟ್ಟೇ ಕೆಲವೊಮ್ಮೆ ಅವನು ಹೋಗಲಾರದ ಕಡೆ ಅವನನ್ನು ಕರೆದೊಯ್ಯುತ್ತದೆ ಅನ್ನುವುದೂ ನಿಜ.

ಪ್ರಾಸವನ್ನು ತೆಗೆದು ನೋಡುವ ಪ್ರಯೋಗಕ್ಕೆ ಸರ್ವಜ್ಞನ ಈ ತ್ರಿಪದಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ:

ಸರ್ವಜ್ಞನೆಂಬುವನು ಗರ್ವದಿಂದಾದವನೆ
ಸರ್ವರೊಳು ಒಂದೊಂದು ನುಡಿಗಲಿತು ವಿದ್ಯೆಯ
ಪರ್ವತವೆ ಆದ ಸರ್ವಜ್ಞ

ಸಾದಾ ಮಾಡೋಣ: 'ಸರ್ವಜ್ಞ ಅಹಂಕಾರದಿಂದ ದೊಡ್ಡವನಾದನೇ? ಎಲ್ಲರಿಂದ ಒಂದೊಂದು ಮಾತು ಕಲಿತು ವಿದ್ಯೆಯ ಬೆಟ್ಟವಾದ.' ಅರ್ಥ ಪೂರ್ತಿ ಬಂತು. ಆದರೂ ಏನೋ ಹೋಯಿತು. ಮೂಲದಲ್ಲಿ ಸರ್ವ, ಗರ್ವ, ಪರ್ವ ಒಂದೇ ಸದ್ದಿನ ಮೇಲೆ ನಿಂತಿವೆ. ಸರ್ವಕ್ಕೂ ಗರ್ವಕ್ಕೂ ನಡುವೆ ಇರುವುದು ಒಂದೇ ಅಕ್ಷರದ ಫರಕು. ಎಲ್ಲವನ್ನೂ ಬಲ್ಲೆ ಅನ್ನುವವನು ಎಷ್ಟು ಸುಲಭವಾಗಿ ಗರ್ವಕ್ಕೆ ಜಾರಬಹುದು ಎಂಬುದು ಆ ಎರಡು ಪದಗಳನ್ನು ಅಕ್ಕಪಕ್ಕ ಇಟ್ಟಾಗಲೇ ಕಿವಿಗೆ ಗೊತ್ತಾಗುತ್ತದೆ. ಎರಡನೇ ಸಾಲು 'ಸರ್ವರೊಳು' ಎಂದು ಶುರುವಾದಾಗ ಸರ್ವ ಅನ್ನುವುದು ಅವನ ಹೆಸರಿನಿಂದ ಜನರ ಕಡೆಗೆ ತಿರುಗುತ್ತದೆ. ಪರ್ವತ ಏಳುವುದು ಅದಾದ ಮೇಲೆ. ಇಲ್ಲಿ ಶಬ್ದ ಯಾವುದು, ಅರ್ಥ ಯಾವುದು ಎಂದು ಬೇರೆ ಮಾಡಲು ಆಗುವುದೇ ಇಲ್ಲ. ಶಬ್ದಾಲಂಕಾರ, ಅರ್ಥಾಲಂಕಾರ ಎಂಬ ವಿಂಗಡಣೆ ಪಾಠ ಮಾಡಲು ಅನುಕೂಲ. ಚೆನ್ನಾದ ಸಾಲಿನಲ್ಲಿ ಅದು ನಿಲ್ಲುವುದಿಲ್ಲ.

ಕಡ್ಡಾಯ ಆದಿಪ್ರಾಸವನ್ನು ಕನ್ನಡ ಬಿಟ್ಟದ್ದು 20ನೇ ಶತಮಾನದ ಶುರುವಿನಲ್ಲಿ. ಮಂಜೇಶ್ವರದ ಗೋವಿಂದ ಪೈ ಅವರು 1911ರಲ್ಲಿ ಅದನ್ನು ಬಿಟ್ಟು ಬರೆದರು. ಅವರು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಪ್ರಾಸಕ್ಕಾಗಿ ತುರುಕಿದ ಪದಗಳು ಹಳೆಯ ಕಾವ್ಯದಲ್ಲಿ ಕಮ್ಮಿ ಇಲ್ಲ. ಆದರೆ ನಿಯಮ ಹೋದರೂ ಕಿವಿಯ ಆಸೆ ಹೋಗಲಿಲ್ಲ. ನಮ್ಮ ಗಾದೆಗಳನ್ನು ಕೇಳಿ. ತಾಳಿದವನು ಬಾಳಿಯಾನು. ಅತಿ ಆಸೆ ಗತಿಗೇಡು. ಎರಡರಲ್ಲೂ ಎರಡನೇ ಅಕ್ಷರ ಗಮನಿಸಿ, ಅದೇ ಆದಿಪ್ರಾಸ. ಮನೆಗೆ ಮಾರಿ, ಊರಿಗೆ ಉಪಕಾರಿ. ಮ–ಮ, ಊ–ಉ, ಕೊನೆಗೆ ಮಾರಿ–ಕಾರಿ. ಇವನ್ನು ಯಾರೂ ಬಾಯಿಪಾಠ ಮಾಡಿಸಲಿಲ್ಲ. ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಬರಹ ಬರದವರ ನಡುವೆ ಒಂದು ಮಾತು ನೂರಾರು ವರ್ಷ ಬದುಕಬೇಕಾದರೆ ಅದು ಹೀಗೆ ಹೆಣೆದುಕೊಂಡಿರಲೇಬೇಕು.

ಲಯದ ವಿಷಯ ಹೇಳದೆ ಮುಂದೆ ಹೋಗಲಾರೆ. ಪ್ರಸ್ತಾರ ಹಾಕಿ ಗಣ ವಿಂಗಡಿಸಿದವರಿಗೆ ಗೊತ್ತು, ಲಘುವಿಗೆ, ಅಂದರೆ ಗಿಡ್ಡ ಅಕ್ಷರಕ್ಕೆ, ಒಂದು ಮಾತ್ರೆ; ಗುರುವಿಗೆ, ಅಂದರೆ ಉದ್ದ ಅಕ್ಷರಕ್ಕೆ, ಎರಡು. ಷಟ್ಪದಿ ಅಂದರೆ ಆರು ಸಾಲಿನ ಪದ್ಯ. ಭಾಮಿನಿ ಷಟ್ಪದಿಯಲ್ಲಿ 1, 2, 4, 5ನೇ ಸಾಲುಗಳಲ್ಲಿ ಮೂರು–ನಾಲ್ಕು–ಮೂರು–ನಾಲ್ಕು ಹೀಗೆ 14 ಮಾತ್ರೆ. 3 ಮತ್ತು 6ನೇ ಸಾಲು ಉದ್ದ, 23 ಮಾತ್ರೆ. ಒಟ್ಟು 102. ಕುಮಾರವ್ಯಾಸ ತನ್ನ ಇಡೀ ಭಾರತವನ್ನು ಬರೆದದ್ದು ಇದರಲ್ಲೇ. ಅಂಕೆಗಳನ್ನು ನೋಡಿದರೆ ಬೇಜಾರಾಗಬಹುದು. ಬಾಯಿಬಿಟ್ಟು ಹೇಳಿ ನೋಡಿ. ನಾನೇ ಕಟ್ಟಿದ ಒಂದು ಸಾಲು: 'ಮಳೆಯ ಮೋಡವು ಬಂತು ಮೆಲ್ಲನೆ.' ಒಂದು ಗಿಡ್ಡ ಹೆಜ್ಜೆ, ಒಂದು ಉದ್ದ ಹೆಜ್ಜೆ. ಈ ಏರುಪೇರಿನಿಂದಲೇ ಅದು ಮುಂದೆ ನೂಕುತ್ತದೆ, ಕಥೆ ಹೇಳಲು ಒದಗುತ್ತದೆ. ಈಗ ಐದೈದರ ನಡಿಗೆ, ಇನ್ನೊಂದು ಷಟ್ಪದಿಯಾದ ವಾರ್ಧಕದ್ದು: 'ಗಾಳಿಯಲಿ ತೇಲುತಿದೆ ಬೆಳ್ಮುಗಿಲ ಸಾಲುಗಳು.' ಇದಕ್ಕೆ ಅವಸರವಿಲ್ಲ. ತೂಗುತ್ತದೆ, ವಿಸ್ತಾರವಾಗುತ್ತದೆ. ಲಕ್ಷ್ಮೀಶ ವಾರ್ಧಕವನ್ನು ಆರಿಸಿಕೊಂಡದ್ದು ಯಾಕೆ ಅಂತ ಆಗ ಗೊತ್ತಾಗುತ್ತದೆ. ಇನ್ನು 'ಮಳೆಯ ಮೋಡ ಮೆಲ್ಲಗೆ ಬಂತು' ಅಂದರೆ ಸುದ್ದಿ ತಿಳಿಯಿತು, ನಡಿಗೆ ನಿಂತಿತು.

ಸದ್ದಿನಲ್ಲೇ ಅರ್ಥ ಕಟ್ಟುವ ಇನ್ನೊಂದು ಸಂಪತ್ತು ನಮ್ಮಲ್ಲಿದೆ, ಅನುಕರಣಾವ್ಯಯ. ಮಳೆಗೇ ಎಷ್ಟು ಪದ ನೋಡಿ. ಜಿಟಿಜಿಟಿ ಅಂದರೆ ಬಿಡದೆ ಹಿಡಿದದ್ದು. ಪಟಪಟ ಅಂದರೆ ಮೊದಲ ದಪ್ಪ ಹನಿಗಳು. ಧೋ ಅಂದರೆ ಹನಿ ಎಣಿಸುವ ಮಾತೇ ಇಲ್ಲ. ಇದು ಎಲ್ಲ ಭಾಷೆಯಲ್ಲೂ ಸ್ವಲ್ಪ ಮಟ್ಟಿಗೆ ಇರುತ್ತದೆ. ನನಗೆ ಬೆರಗು ಹುಟ್ಟಿಸುವುದು ಸದ್ದೇ ಇಲ್ಲದ್ದಕ್ಕೂ ನಾವು ಸದ್ದು ಕೊಟ್ಟಿರುವುದು. ಥಳಥಳ ಹೊಳೆಯುತ್ತದೆ, ದೀಪ ಮಿಣಮಿಣ ಉರಿಯುತ್ತದೆ, ಘಮಘಮ ವಾಸನೆ ಬರುತ್ತದೆ, ಮಗು ಪಿಳಿಪಿಳಿ ಕಣ್ಣು ಬಿಡುತ್ತದೆ. ಬೆಳಕಿಗೆ ಸದ್ದಿದೆಯೇ? ವಾಸನೆಗೆ? ಆದರೂ 'ಮಿಣಮಿಣ' ಅಂದಾಗ ಸಣ್ಣ ದೀಪವೇ ಕಾಣುತ್ತದೆ, 'ಧಗಧಗ' ಅಂದಾಗ ದೊಡ್ಡ ಬೆಂಕಿ. ಇವನ್ನು ಕವಿಗಳು ಮಕ್ಕಳ ಪದ್ಯಕ್ಕೆ ಮಾತ್ರ ಬಿಟ್ಟುಕೊಡಬಾರದು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಶ್ಲೇಷ ಒಂದೇ ಪದದಲ್ಲಿ ಎರಡು ಅರ್ಥ ಇಡುವುದು. ಚತುರ ವಿದ್ಯೆ, ಆದರೆ ನನ್ನ ಮನಸ್ಸನ್ನು ಅಷ್ಟಾಗಿ ಮುಟ್ಟುವುದಿಲ್ಲ. ಉತ್ಪ್ರೇಕ್ಷೆ ಅಂದರೆ ಅಲಂಕಾರದಲ್ಲಿ ಬರೀ ಹೆಚ್ಚು ಮಾಡಿ ಹೇಳುವುದಲ್ಲ, ಅದು ಅತಿಶಯೋಕ್ತಿಯ ಕೆಲಸ. ಒಂದನ್ನು ಇನ್ನೊಂದಾಗಿ ಕಲ್ಪಿಸಿಕೊಳ್ಳುವುದು ಉತ್ಪ್ರೇಕ್ಷೆ. 'ಹೋಗಬೇಡ ಎನ್ನುವಂತೆ ಬಾಗಿಲು ಕಿರುಗುಟ್ಟಿತು' ಅಂದರೆ ಬಾಗಿಲಿಗೆ ಮನಸ್ಸು ಬಂತು. ಆ ಮನಸ್ಸು ಬಾಗಿಲಿನದಲ್ಲ, ಹೊರಟವನದು. ತಾನು ಹೇಳಲಾಗದ್ದನ್ನು ಮನುಷ್ಯ ಹೀಗೆ ವಸ್ತುಗಳ ಬಾಯಲ್ಲಿ ಹೇಳಿಸುತ್ತಾನೆ.

ಹೋಲಿಕೆಯನ್ನೇ ತಲೆಕೆಳಗು ಮಾಡಿದವನು ಅಲ್ಲಮ. ಎತ್ತಣ ಮಾಮರ, ಎತ್ತಣ ಕೋಗಿಲೆ, ಎತ್ತಣಿಂದೆತ್ತ ಸಂಬಂಧವಯ್ಯಾ ಎಂದು ಕೇಳುತ್ತಾನೆ. ಬೆಟ್ಟದ ನೆಲ್ಲಿಕಾಯಿಗೂ ಸಮುದ್ರದ ಉಪ್ಪಿಗೂ ಏನು ಸಂಬಂಧ ಅನ್ನುತ್ತಾನೆ. ಕೊನೆಗೆ ಗುಹೇಶ್ವರಲಿಂಗಕ್ಕೂ ತನಗೂ ಏನು ಸಂಬಂಧ ಅನ್ನುತ್ತಾನೆ. ಬೇರೆ ಕವಿಗಳು ಇದು ಅದರಂತೆ ಎಂದು ಹೇಳುವ ಕಡೆ ಇವನು ಏನಿಗೇನು ಎಂದು ಕೇಳುತ್ತಿದ್ದಾನೆ. ಉತ್ತರ ಕೊಡುವುದಿಲ್ಲ. ಆದರೆ ವಸಂತದಲ್ಲಿ ಕೋಗಿಲೆ ಮಾವಿನ ಮರಕ್ಕೇ ಬರುತ್ತದೆ ಅನ್ನುವುದು ನಮಗೆ ಗೊತ್ತು. ನೆಲ್ಲಿಕಾಯಿ ಮತ್ತು ಉಪ್ಪು ಒಂದೇ ಜಾಡಿಯಲ್ಲಿ ಸೇರುತ್ತವೆ ಅನ್ನುವುದೂ ಗೊತ್ತು. ಮೂರನೆಯದಕ್ಕೆ ಬರುವ ಹೊತ್ತಿಗೆ ಉತ್ತರ ನಮ್ಮೊಳಗೇ ಹುಟ್ಟಿರುತ್ತದೆ. ಹೇಳದೆ ತಿಳಿಸುವ ಇದನ್ನೇ 9ನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಧ್ವನಿ ಎಂದ, ಕಾವ್ಯದ ಆತ್ಮವೇ ಅದು ಎಂದ. ಇಲ್ಲಿ ತೆಗೆದು ನೋಡುವ ನನ್ನ ಉಪಾಯ ನಡೆಯುವುದಿಲ್ಲ. ಸಾಲಿನಲ್ಲಿ ಇಲ್ಲದ್ದನ್ನು ತೆಗೆಯುವುದು ಹೇಗೆ?

ಕೊನೆಗೆ ಮತ್ತೆ ಬಸವಣ್ಣನವರಿಗೇ ಬರುತ್ತೇನೆ, ಮಾತಿನ ಬಗ್ಗೆಯೇ ಇರುವ ವಚನಕ್ಕೆ:

ನುಡಿದರೆ ಮುತ್ತಿನ ಹಾರದಂತಿರಬೇಕು
ನುಡಿದರೆ ಮಾಣಿಕ್ಯದ ದೀಪ್ತಿಯಂತಿರಬೇಕು
ನುಡಿದರೆ ಸ್ಫಟಿಕದ ಶಲಾಕೆಯಂತಿರಬೇಕು
ನುಡಿದರೆ ಲಿಂಗ ಮೆಚ್ಚಿ ಅಹುದಹುದೆನಬೇಕು

ಮೂರು ಉಪಮೆ. ಮೊದಲನೆಯದರಲ್ಲಿ ಪೋಣಿಸಿದ ಮುತ್ತು, ಅದನ್ನು ಮುಟ್ಟಬಹುದು. ಎರಡನೆಯದರಲ್ಲಿ ಮಾಣಿಕ್ಯವಲ್ಲ, ಅದರ ಹೊಳಪು ಮಾತ್ರ. ಮೂರನೆಯದರಲ್ಲಿ ಸ್ಫಟಿಕದ ಸಲಾಕೆ, ಬೆಳಕು ಅದರ ಮೂಲಕ ನೇರವಾಗಿ ದಾಟಿಹೋಗುತ್ತದೆ. ಒಂದೊಂದು ಸಾಲಿಗೂ ಅಲಂಕಾರದ ಭಾರ ಕಮ್ಮಿಯಾಗುತ್ತಿದೆ. ನಾಲ್ಕನೆಯದರಲ್ಲಿ 'ಅಂತೆ' ಇಲ್ಲವೇ ಇಲ್ಲ. ನಾವು ತೆಗೆಯುವ ಮೊದಲೇ ಅವರೇ ತೆಗೆದಿದ್ದಾರೆ. ಅದಾದ ಮೇಲೆ, ನುಡಿಯೊಳಗಾಗಿ ನಡೆಯದಿದ್ದರೆ ಕೂಡಲಸಂಗಮದೇವ ಹೇಗೆ ಒಲಿದಾನು ಎಂಬ ಪ್ರಶ್ನೆ ಬರುತ್ತದೆ. ಅಲ್ಲಿ 'ಮಾತು', 'ವರ್ತನೆ' ಅಂತ ಹಾಕಿ ನೋಡಿ. ಅರ್ಥ ಕೆಡುವುದಿಲ್ಲ. ಆದರೆ ನುಡಿ, ನಡೆ ಎಂಬ ಎರಡು ಪದಗಳಲ್ಲಿ ನ ಮತ್ತು ಡ ಹಾಗೇ ಇವೆ, ಸ್ವರ ಮಾತ್ರ ಬೇರೆ. ಬಾಯಲ್ಲಿ ಅಷ್ಟು ಹತ್ತಿರ ಇರುವುದು ಬದುಕಿನಲ್ಲೂ ಅಷ್ಟೇ ಹತ್ತಿರ ಇರಲಿ ಎಂದು ವಚನ ಕೇಳುತ್ತಿದೆ. ಪದ ಬದಲಾಯಿಸಿದರೆ ಆ ಬೇಡಿಕೆಯೇ ಇಲ್ಲವಾಗುತ್ತದೆ.